ಶಿವಮೊಗ್ಗ ಕಡೆ ಪ್ಯಾರಾಲೀಗಲ್ ಕೆಲಸ ಕಲಿಯೋದು ಹೇಗೆ? ಕೋರ್ಸಿಗೆ ದುಡ್ಡು ಕಟ್ಟಬೇಕಾ?

ಆನಂದಪುರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಬಿಎ ಮುಗಿದಿದೆ. ಊರು ಆನಂದಪುರದ ಪಕ್ಕ. ಕಾನೂನಿನ ಕೆಲಸ ಕಲಿಯಬೇಕು ಅಂತ ಆಸೆ. ಆದರೆ ಇನ್ನೂ ಮೂರು ವರ್ಷ ಓದಿಸಿ ಅಂತ ಮನೆಯಲ್ಲಿ ಕೇಳುವ ಹಾಗಿಲ್ಲ. ಈ ಸಲ ತೋಟಕ್ಕೆ ಕೊಳೆ ಬಂದು ಅಡಿಕೆ ಅರ್ಧಕ್ಕರ್ಧ ಹೋಗಿದೆ. ಬೆಂಗಳೂರಿನ ಒಂದು ಸಂಸ್ಥೆಯವರು ಆನ್‌ಲೈನ್‌ನಲ್ಲಿ ಆರು ತಿಂಗಳ ಪ್ಯಾರಾಲೀಗಲ್ (ವಕೀಲರ ಸಹಾಯಕರ ಕೆಲಸ) ಡಿಪ್ಲೊಮಾ ಕೊಡುತ್ತಾರಂತೆ. ಮೂವತ್ತೈದು ಸಾವಿರ ಕಟ್ಟಿದರೆ ಸರ್ಟಿಫಿಕೇಟ್ ಜೊತೆ ಕೆಲಸವೂ ಗ್ಯಾರಂಟಿ ಅನ್ನುತ್ತಾರೆ. ನಂಬಬಹುದಾ? ಸಾಗರ, ಶಿವಮೊಗ್ಗದಲ್ಲಿ ಇಂಥ ಕೆಲಸ ನಿಜವಾಗಲೂ ಇದೆಯಾ? ಇದ್ದರೆ ಕಲಿಯೋದು ಎಲ್ಲಿ? ಗೊತ್ತಿದ್ದವರು ಹೇಳಿ.

ಹಳೇ ಗುಮಾಸ್ತ, ಶಿವಮೊಗ್ಗ:
ನೋಡಮ್ಮ, ಸದ್ಯಕ್ಕೆ ದುಡ್ಡು ಕಟ್ಟಬೇಡ. ನಮ್ಮ ಜಿಲ್ಲೆಯ ಯಾವ ವಕೀಲರ ಕಚೇರಿಗೆ ಹೋಗಿ "ಪ್ಯಾರಾಲೀಗಲ್ ಬೇಕಾ" ಅಂತ ಕೇಳಿದರೂ ಮುಖ ನೋಡುತ್ತಾರೆ. "ಗುಮಾಸ್ತರು ಬೇಕಾ" ಅಂತ ಕೇಳು, ಕೂರಿಸಿ ಮಾತಾಡುತ್ತಾರೆ. ಕೆಲಸ ಹೆಚ್ಚುಕಮ್ಮಿ ಅದೇ. ವಕೀಲರಿಗೆ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಬೇಕು. ಗುಮಾಸ್ತರಿಗೆ ಇಂಥದ್ದೇ ಡಿಪ್ಲೊಮಾ ಇರಬೇಕು ಅಂತ ಎಲ್ಲೂ ಇಲ್ಲ. ಹಾಗಾಗಿ ಒಳಗೆ ಬರೋದು ಸುಲಭ. ಸಂಬಳ ಚೌಕಾಸಿ ಮಾಡುವಾಗ ಅದೇ ಕಷ್ಟ.

ಕೆಲಸ ಏನು ಅಂತ ಹೇಳುತ್ತೇನೆ. ಸಂಜೆ ಮಾರನೇ ದಿನದ ಕಾಜ್ ಲಿಸ್ಟ್ (ಕೋರ್ಟಿನ ಮುಂದೆ ಬರುವ ಕೇಸುಗಳ ಪಟ್ಟಿ) ನೋಡಿ ಡೈರಿ ಬರೆಯಬೇಕು. ಯಾವ ಕೇಸು ಯಾವ ಹಾಲ್, ಯಾವ ಹಂತ, ಸಾಕ್ಷಿಗೆ ಹೇಳಿ ಕಳಿಸಿದ್ದೇವಾ, ಎಲ್ಲ ಅದರಲ್ಲಿ ಇರಬೇಕು. ಬೆಳಿಗ್ಗೆ ಫೈಲು ಜೋಡಿಸಬೇಕು. ಕೋರ್ಟಿನಲ್ಲಿ ಪ್ರೊಸೆಸ್ ಫೀ (ಸಮನ್ಸ್, ನೋಟಿಸ್ ಕಳಿಸುವ ಶುಲ್ಕ) ಕಟ್ಟೋದು, ನೋಟಿಸ್ ಜಾರಿ ಆಯ್ತಾ ಅಂತ ನೋಡೋದು, ನಕಲಿಗೆ ಅರ್ಜಿ ಹಾಕೋದು, ಹೊಸ ದಾವೆ ಫೈಲ್ ಮಾಡಿದಾಗ ಕಚೇರಿಯವರು ಎತ್ತಿದ ಆಕ್ಷೇಪಣೆ ಸರಿಮಾಡಿಸೋದು. ಮಧ್ಯದಲ್ಲಿ ಕಕ್ಷಿದಾರರ ಫೋನು. "ನಮ್ ವಾಯಿದೆ ಯಾವತ್ತು?" ಅಂತ ಒಬ್ಬರೇ ನಾಲ್ಕು ಸಲ ಕೇಳುತ್ತಾರೆ. ಸಿಟ್ಟು ಮಾಡದೆ ಹೇಳಬೇಕು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯ ತಾರೀಖಿನ ಲೆಕ್ಕ. ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿದ 30 ದಿನದಲ್ಲಿ ಪ್ರತಿವಾದಿ ಲಿಖಿತ ಹೇಳಿಕೆ ಹಾಕಬೇಕು. ಕೋರ್ಟು ಒಪ್ಪಿದರೆ 90 ದಿನದವರೆಗೆ ಎಳೆಯಬಹುದು. ತೀರ್ಪು ವಿರುದ್ಧ ಬಂದರೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ಇಲ್ಲೊಂದು ಸೂಕ್ಷ್ಮ ಇದೆ. ದೃಢೀಕೃತ ನಕಲು ಪಡೆಯಲು ಬೇಕಾದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಓದು. ಆದರೆ ಅರ್ಜಿ ಹಾಕಿದ ಮೇಲಿನ ದಿನಕ್ಕೆ ಮಾತ್ರ ಆ ವಿನಾಯಿತಿ. ನೀನು ಸುಮ್ನೆ ಕೂತ ದಿನಕ್ಕಲ್ಲ. ಅದಕ್ಕೇ ಒಳ್ಳೆ ಗುಮಾಸ್ತ ತೀರ್ಪು ಬಂದ ದಿನವೇ ನಕಲು ವಿಭಾಗಕ್ಕೆ ಹೋಗುತ್ತಾನೆ.

ಚೆಕ್ ಬೌನ್ಸ್ ಕೇಸೂ ಹಾಗೇ. ಬ್ಯಾಂಕಿನಿಂದ ಮೆಮೋ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಟೈಮು. ಅದು ಮುಗಿದ ಒಂದು ತಿಂಗಳೊಳಗೆ ದೂರು. ಈ ಮೂರು ತಾರೀಖು ತಪ್ಪಿಲ್ಲದೆ ಗುರುತು ಹಾಕುವವರನ್ನು ಯಾವ ವಕೀಲರೂ ಬಿಟ್ಟುಕೊಡುವುದಿಲ್ಲ. ಆ ಡಿಪ್ಲೊಮಾದಲ್ಲಿ ಇದನ್ನೆಲ್ಲ ಮಾಡಿಸಿ ಕಲಿಸುತ್ತಾರಾ ಅಂತ ಕೇಳು.

ತೀರ್ಥಹಳ್ಳಿ ಟೈಪಿಸ್ಟ್:
ಹಳೇ ಗುಮಾಸ್ತರು ಟೈಪಿಂಗ್ ಮರೆತೇಬಿಟ್ಟರು ಮಾರಾಯ್ರೆ. ಕನ್ನಡ, ಇಂಗ್ಲಿಷ್ ಎರಡೂ ಟೈಪಿಂಗ್ ಬೇಕು. ಕನ್ನಡ ಟೈಪಿಂಗ್ 'ನುಡಿ' ತಂತ್ರಾಂಶದಲ್ಲಿ ಬರಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರಿಗೆ ಕೋರ್ಟಿನ ಟೈಪಿಂಗ್ ವೇಗ ಸಿಗುವುದಿಲ್ಲ. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿ. ಸರ್ಕಾರದ ಪರೀಕ್ಷೆ, ಖರ್ಚೂ ಕಮ್ಮಿ. ಮುಂದೆ ಜಿಲ್ಲಾ ನ್ಯಾಯಾಲಯದಲ್ಲಿ ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಕರೆದಾಗ ಕೇಳೋದೂ ಈ ಸರ್ಟಿಫಿಕೇಟನ್ನೇ.

ಬೆಂಗಳೂರಲ್ಲಿರೋ ಸೊರಬದವ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೆಂಗಳೂರಿನ ಕಂಪನಿಗಳಲ್ಲಿ, ದೊಡ್ಡ ಲಾ ಫರ್ಮ್‌ಗಳಲ್ಲಿ ಪ್ಯಾರಾಲೀಗಲ್ ಅನ್ನೋ ಹುದ್ದೆ ಆ ಹೆಸರಿನಲ್ಲೇ ಇದೆ. ಕರಾರು ಪತ್ರ ಓದಿ ಪಟ್ಟಿ ಮಾಡೋದು, ಟ್ರೇಡ್‌ಮಾರ್ಕ್ ಅರ್ಜಿ, ಕಂಪನಿ ದಾಖಲೆ, ಅಮೆರಿಕದ ಕೇಸುಗಳ ಕಾಗದ ವಿಂಗಡಿಸೋದು. ಸಂಬಳವೂ ಊರಿಗಿಂತ ಜಾಸ್ತಿ. ಆದರೆ ಅಲ್ಲಿ ಎಲ್ಲ ಇಂಗ್ಲಿಷ್. ಹೆಚ್ಚಿನ ಕಡೆ ಎಲ್‌ಎಲ್‌ಬಿ ಆದವರನ್ನೇ ಆ ಹೆಸರಿನಲ್ಲಿ ತಗೊಳ್ಳುತ್ತಾರೆ. ಆರು ತಿಂಗಳ ಆನ್‌ಲೈನ್ ಕಾಗದ ಹಿಡಿದು ಬಂದವರು ಅವರ ಪಕ್ಕ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಡಿಪ್ಲೊಮಾ ಬೇಕೇಬೇಕು ಅಂದರೆ ಇಗ್ನೋದಲ್ಲಿ ಪ್ಯಾರಾಲೀಗಲ್ ಪ್ರಾಕ್ಟೀಸ್ ಅಂತ ಒಂದಿದೆ. ಪಿಯುಸಿ ಆದವರಿಗೆ ಅವಕಾಶ ಉಂಟು. ಕೇಂದ್ರ ಸರ್ಕಾರದ ವಿಶ್ವವಿದ್ಯಾಲಯ, ಕಾಗದಕ್ಕೆ ಬೆಲೆ ಇದೆ. ಖಾಸಗಿಯವರ ಕೋರ್ಸನ್ನು ಅಳೆಯೋಕೆ ಒಂದು ಸುಲಭ ಉಪಾಯ ಇದೆ. ಪಠ್ಯದ ಪಟ್ಟಿ ಕಳಿಸಿ ಅನ್ನಿ. 2024ರ ಜುಲೈ 1ರಿಂದ ಐಪಿಸಿ (ದಂಡ ಸಂಹಿತೆ), ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಕಾಯ್ದೆ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ), ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ) ಬಂದಿವೆ. ಜೀವನಾಂಶದ ಅರ್ಜಿ ಮೊದಲು ಸಿಆರ್‌ಪಿಸಿ 125ರಲ್ಲಿ ಹಾಕುತ್ತಿದ್ದರು, ಈಗ ಬಿಎನ್‌ಎಸ್‌ಎಸ್ 144. ಪಟ್ಟಿಯಲ್ಲಿ ಇನ್ನೂ ಬರೀ ಐಪಿಸಿ ಇದ್ದರೆ ಅಲ್ಲಿಗೇ ಬಿಡಿ.

ಹಳೇ ಗುಮಾಸ್ತ, ಶಿವಮೊಗ್ಗ:
ಸೊರಬದವರು ಹೇಳಿದ್ದು ಸರಿ. ಆದರೆ ಐಪಿಸಿ ಪೂರ್ತಿ ಮರೆಯುವ ಹಾಗೂ ಇಲ್ಲ. ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಇವತ್ತೂ ಐಪಿಸಿ ಕಲಮೇ. ಮುಂದಿನ ಎಷ್ಟೋ ವರ್ಷ ಎರಡೂ ಫೈಲು ಪಕ್ಕಪಕ್ಕ ಇರುತ್ತವೆ.

ಅಡಿಕೆ ಮಂಡಿ:
ನಮ್ಮ ಪಕ್ಕದ ಮನೆಯವರು ಪಿಎಲ್‌ವಿ ಆಗಿದ್ದಾರೆ. ಕೋರ್ಟಿನಿಂದಲೇ ಗುರುತಿನ ಚೀಟಿ ಕೊಟ್ಟಿದ್ದಾರೆ. ತರಬೇತಿ ಫ್ರೀ. ಅದಿದ್ದರೆ ಬಡವರ ಪರ ವಾದ ಮಾಡಬಹುದಂತೆ. ತಂಗಿ ಅದನ್ನೇ ಮಾಡಲಿ, ಸುಮ್ನೆ ಮೂವತ್ತೈದು ಸಾವಿರ ಯಾಕೆ?

ಪಿಎಲ್‌ವಿ ಅಕ್ಕ, ಹೊಸನಗರ:
ಅಡಿಕೆ ಮಂಡಿ ಅಣ್ಣ, ವಾದ ಮಾಡುವ ಹಾಗಿಲ್ಲ! ನಾನೇ ಪಿಎಲ್‌ವಿ, ಅದಕ್ಕೇ ಬರೆಯುತ್ತಿದ್ದೇನೆ.

ಪಿಎಲ್‌ವಿ ಅಂದರೆ ಪ್ಯಾರಾ ಲೀಗಲ್ ವಾಲಂಟಿಯರ್. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆಯಲ್ಲ, ಅದರಡಿ ಇರುವ ರಾಷ್ಟ್ರೀಯ ಪ್ರಾಧಿಕಾರದವರು 2009ರಲ್ಲಿ ಶುರು ಮಾಡಿದ ಯೋಜನೆ. ನಮ್ಮಲ್ಲಿ ನಡೆಸುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಜಿಲ್ಲಾ ನ್ಯಾಯಾಧೀಶರೇ ಅದಕ್ಕೆ ಅಧ್ಯಕ್ಷರು. ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಮೇಷ್ಟ್ರು, ಸ್ವಸಹಾಯ ಸಂಘದವರು, ಕಾನೂನು ವಿದ್ಯಾರ್ಥಿಗಳು, ಎಲ್ಲ ತರದವರೂ ಇದ್ದಾರೆ. ಅರ್ಜಿ ಕರೆದು, ಮಾತಾಡಿಸಿ, ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುತ್ತಾರೆ. ಕೆಲಸ ಮಾಡಿದ ದಿನಕ್ಕೆ ಗೌರವಧನ. ಸಂಬಳ ಅಲ್ಲ, ನೌಕರಿಯೂ ಅಲ್ಲ. ಜನರಿಂದ ಒಂದು ರೂಪಾಯಿ ಮುಟ್ಟುವ ಹಾಗಿಲ್ಲ. ಇದರಲ್ಲೇ ಮನೆ ನಡೆಸುತ್ತೇನೆ ಅಂತ ಬಂದವರು ಬೇಜಾರಾಗಿ ಬಿಟ್ಟು ಹೋಗಿದ್ದಾರೆ.

ಆದರೆ ಕಲಿಯುವುದು ಬಹಳ ಇದೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಜೈಲಿನಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಅದೇ 1987ರ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. ಇದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳಿ, ಅರ್ಜಿ ಬರೆಸಿ, ಕಚೇರಿ ಬಾಗಿಲಿನ ತನಕ ಕರೆದುಕೊಂಡು ಹೋಗುವುದು ನಮ್ಮ ಕೆಲಸ. ಫೋನಿನಲ್ಲಿ ಕೇಳುವವರಿಗೆ 15100 ಸಹಾಯವಾಣಿ ಇದೆ.

ಹೊಸನಗರ, ಸಾಗರ ಕಡೆ ಅರಣ್ಯ ಹಕ್ಕಿನ ಅರ್ಜಿಗಳದ್ದೇ ದೊಡ್ಡ ಕಥೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ಎದ್ದು ಬಂದ ಕುಟುಂಬಗಳಲ್ಲಿ ಇವತ್ತಿಗೂ ಎಷ್ಟೋ ಜನರ ಹತ್ತಿರ ಜಾಗಕ್ಕೆ ಸರಿಯಾದ ಕಾಗದ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಬರೀ ಸರ್ಕಾರಿ ಕಾಗದವೇ ಬೇಕು ಅಂತಿಲ್ಲ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೂ ಅದು ಒಂದು ಸಾಕ್ಷ್ಯ. ಒಂದೇ ಸಾಕ್ಷ್ಯ ಸಾಲದು, ಜೊತೆಗೆ ಇನ್ನೊಂದು ಬೇಕು. ಗ್ರಾಮಸಭೆಯ ನಿರ್ಣಯ ವಿರುದ್ಧ ಬಂದರೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಲು 60 ದಿನ. ಈ ಅರವತ್ತು ದಿನದ ವಿಷಯ ಗೊತ್ತಿಲ್ಲದೆ ಕೈಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಎಂಬತ್ತು ದಾಟಿದ ಅಜ್ಜನ ಹೇಳಿಕೆ ಬರೆದುಕೊಳ್ಳೋದು ಸಣ್ಣ ವಿದ್ಯೆ ಅಲ್ಲ. "ಆ ದೊಡ್ಡ ಮಳೆ ವರ್ಷ" ಅನ್ನುತ್ತಾರೆ. ಅದು ಯಾವ ಇಸವಿ ಅಂತ ಹುಡುಕಬೇಕು. ಮಗ ಹುಟ್ಟಿದ್ದಕ್ಕೆ ಹಿಂದೋ ಮುಂದೋ, ಅಣೆಕಟ್ಟಿನ ಕೆಲಸ ಆಗ ನಡೀತಿತ್ತಾ ಅಂತ ಕೇಳಿ ಕೇಳಿ ಗಂಟು ಬಿಡಿಸಬೇಕು.

ಕಾನೂನು ವಿದ್ಯಾರ್ಥಿ:
ನನ್ನ ಅಭಿಪ್ರಾಯ ಕೇಳಿದರೆ ಇದೆಲ್ಲ ಸುತ್ತು ದಾರಿ. ಬಿಎ ಆಗಿದೆ ಅಂದಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ನೇರ ಸೇರಬಹುದು. ಪದವಿಯಲ್ಲಿ 45 ಪರ್ಸೆಂಟ್ ಇದ್ದರೆ ಸಾಕು, ಮೀಸಲಾತಿ ಇದ್ದವರಿಗೆ ಇನ್ನೂ ಕಡಿಮೆ. ಶಿವಮೊಗ್ಗದಲ್ಲೇ ಸಿಬಿಆರ್ ಕಾನೂನು ಕಾಲೇಜಿದೆ, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪದವಿ. ಸನ್ನದು ಹಾಕಿಸುವ ಖರ್ಚೂ ಈಗ ಕಡಿಮೆ. 2024ರಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ವರ್ಗಕ್ಕೆ ನೋಂದಣಿ ಶುಲ್ಕ 750 ರೂಪಾಯಿ ದಾಟಬಾರದು ಅಂದಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾದರೆ ಆಯಿತು. ಜೀವನಪೂರ್ತಿ ಗುಮಾಸ್ತರಾಗಿಯೇ ಯಾಕೆ ಇರಬೇಕು?

ಹಳೇ ಗುಮಾಸ್ತ, ಶಿವಮೊಗ್ಗ:
ವಿದ್ಯಾರ್ಥಿಗಳೇ, ಗುಮಾಸ್ತರಾಗಿಯೇ ಇದ್ದರೆ ಏನು ತಪ್ಪು? ನಿಮ್ಮ ಮೊದಲ ದಾವೆ ಫೈಲ್ ಮಾಡುವ ದಿನ ನಮ್ಮನ್ನೇ ಹುಡುಕಿಕೊಂಡು ಬರುತ್ತೀರಿ. ಬನ್ನಿ, ಕಾಫಿ ಕುಡಿಸುತ್ತೇನೆ.

ಓದಲಿ, ಬೇಡ ಅನ್ನುವುದಿಲ್ಲ. ಆದರೆ ಎಲ್‌ಎಲ್‌ಬಿಗೆ 70 ಪರ್ಸೆಂಟ್ ಹಾಜರಿ ಕಡ್ಡಾಯ. ಅಂಚೆ ಮೂಲಕ ಮಾಡಿದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ. ಆನಂದಪುರದಿಂದ ದಿನಾ ಬಸ್ಸಿನಲ್ಲಿ ಬಂದು, ಕ್ಲಾಸು ಮುಗಿಸಿ, ಸಂಜೆ ಕಚೇರಿ ಕೆಲಸವನ್ನೂ ಮಾಡೋದು ಹುಡುಗಾಟ ಅಲ್ಲ. ಮನೆಯ ಪರಿಸ್ಥಿತಿ ಹೀಗಿದೆ ಅಂತ ಆ ಹುಡುಗಿ ಮೊದಲೇ ಹೇಳಿದ್ದಾಳಲ್ವಾ? ಎರಡು ವರ್ಷ ಕೆಲಸ ಮಾಡಿ, ಕೈಯಲ್ಲಿ ಸ್ವಲ್ಪ ಆದಮೇಲೆ ಸೇರಿದರೆ ಆಗದಾ?

ಭದ್ರಾವತಿ ವಕೀಲರು:
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ಗುಮಾಸ್ತರನ್ನು ತಗೊಳ್ಳುವವನ ಕಡೆಯಿಂದ ನಾನು ಹೇಳುತ್ತೇನೆ.

ಹೊಸದಾಗಿ ಬಂದವರ ಸರ್ಟಿಫಿಕೇಟನ್ನು ನಾನು ನೋಡುವುದೇ ಇಲ್ಲ. ಕೈಗೆ ಒಂದು ಪಹಣಿ ಕೊಡುತ್ತೇನೆ. ಓದಿ ಹೇಳಿ ಅನ್ನುತ್ತೇನೆ. ನಮ್ಮ ಮಲೆನಾಡಿನ ಸಿವಿಲ್ ಕೋರ್ಟುಗಳಲ್ಲಿ ಪಾಲಿನ ದಾವೆ, ದಾರಿ ಜಗಳ, ಒತ್ತುವರಿ, ಬಗರ್‌ಹುಕುಂ, ಇವೇ ಜಾಸ್ತಿ. ಎಲ್ಲದರ ಬುಡ ಕಂದಾಯ ದಾಖಲೆ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಅಥವಾ ತಕರಾರು ಇದೆ, 12ರಲ್ಲಿ ಯಾರು ಸಾಗುವಳಿ ಮಾಡುತ್ತಿದ್ದಾರೆ ಅಂತ ನೋಡಲು ಬರಬೇಕು. ಅಲ್ಲಿ ಬರೆದ ಎಂಆರ್ ನಂಬರ್ (ಖಾತೆ ಬದಲಾವಣೆಯ ನಂಬರ್) ಹಿಡಿದು ಹಿಂದಕ್ಕೆ ಹೋಗಬೇಕು. ಈ ಹೆಸರು ಪೌತಿ ಖಾತೆಯಿಂದ (ಖಾತೆದಾರರು ತೀರಿಕೊಂಡು ವಾರಸುದಾರರಿಗೆ) ಬಂತಾ, ಕ್ರಯದಿಂದ ಬಂತಾ, ಪಾಲುಪತ್ರದಿಂದ ಬಂತಾ? 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಫಾರಂ 7 (ಗೇಣಿದಾರರ ಅರ್ಜಿ) ಹಾಕಿ ಬಂದ ಗೇಣಿ ಜಮೀನಾ? ಕಾಗೋಡು ಸತ್ಯಾಗ್ರಹ ನಡೆದ ನೆಲ ನಮ್ಮದು. ಸಾಗರ, ಸೊರಬದ ಅರ್ಧ ಫೈಲುಗಳಲ್ಲಿ ಭೂನ್ಯಾಯ ಮಂಡಳಿಯ ಹಳೇ ಆದೇಶ ಎಲ್ಲೋ ಒಂದು ಮೂಲೆಯಲ್ಲಿ ಕೂತಿರುತ್ತದೆ. ಅದನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹೊರಗೆ ತರುವವರೇ ನನಗೆ ಬೇಕಾದ ಗುಮಾಸ್ತರು. ಭೂಮಿ ತಂತ್ರಾಂಶದಲ್ಲಿ ಈಗಿನ ಪಹಣಿ ಎರಡು ನಿಮಿಷಕ್ಕೆ ಸಿಗುತ್ತದೆ. ಕೈಬರಹದ ಹಳೇ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಟಿಪ್ಪಣಿ, ಆಕಾರ್‌ಬಂದ್, ಇಂಥ ಹಳೇ ಕಂದಾಯ, ಅಳತೆಯ ಕಾಗದ ಬೇಕು ಅಂದರೆ ಕಚೇರಿ ಅಲೆಯಬೇಕು.

ಎರಡನೇ ಪರೀಕ್ಷೆ ವಂಶವೃಕ್ಷ. ಕಕ್ಷಿದಾರರು ಕೂತು ಮಾತಾಡುತ್ತಿರುವಾಗಲೇ ಅಜ್ಜನಿಂದ ಮೊಮ್ಮಕ್ಕಳ ತನಕ ಬರೆದು ತೋರಿಸಬೇಕು. ಮದುವೆ ಮಾಡಿ ಕೊಟ್ಟ ಅತ್ತೆಯಂದಿರ ಹೆಸರನ್ನು ಜನ ಹೇಳುವುದೇ ಇಲ್ಲ. "ಹೆಣ್ಣುಮಕ್ಕಳು ಎಷ್ಟು ಜನ?" ಅಂತ ನೀವಾಗಿ ಕೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಮಗಳಿಗೂ ಮಗನಷ್ಟೇ ಪಾಲು. ಒಬ್ಬ ಮಗಳನ್ನು ಬಿಟ್ಟು ದಾವೆ ಹೂಡಿದರೆ ಅಗತ್ಯ ಪಕ್ಷಗಾರರಿಲ್ಲ ಅಂತ ಎದುರಿನವರು ಮೊದಲ ದಿನವೇ ಹಿಡಿಯುತ್ತಾರೆ.

ಇನ್ನು ಗೆರೆ ಎಲ್ಲಿ ಅಂತಲೂ ಗೊತ್ತಿರಲಿ. ಗುಮಾಸ್ತರು ವಾದ ಮಾಡುವ ಹಾಗಿಲ್ಲ. ವಕೀಲರ ಹೆಸರಲ್ಲಿ ಸಹಿ ಹಾಕುವ ಹಾಗಿಲ್ಲ. ಸನ್ನದಿಲ್ಲದೆ ಕೋರ್ಟಿನಲ್ಲಿ ವಕೀಲಿಕೆ ಮಾಡಿದರೆ 1961ರ ವಕೀಲರ ಕಾಯ್ದೆಯ 45ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು. ಕಚೇರಿಯಲ್ಲಿ ಕೇಳಿದ ಮಾತು ಬಸ್ ಸ್ಟ್ಯಾಂಡಿನಲ್ಲಿ ಆಡುವ ಹಾಗಿಲ್ಲ. ಸಣ್ಣ ಊರು, ಎದುರು ಪಕ್ಷದವರ ಅಳಿಯ ನಿಮ್ಮ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ.

ಆನಂದಪುರದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಇಷ್ಟೊಂದು ಇದೆ ಅಂತ ಗೊತ್ತಿರಲಿಲ್ಲ. ವಕೀಲ ಸಾರ್ ಹೇಳಿದ್ದು ಓದಿ ಅಪ್ಪನ ಪಹಣಿ ತೆಗೆದು ನೋಡಿದೆ. 11ನೇ ಕಾಲಂನಲ್ಲಿ ಸೊಸೈಟಿ ಸಾಲ ಇನ್ನೂ ತೋರಿಸುತ್ತಿದೆ, ತೀರಿಸಿ ಎಷ್ಟೋ ಕಾಲ ಆಗಿದೆ! ಇನ್ನೊಂದು ವಿಷಯ ಕೇಳಬೇಕಿತ್ತು. ಕೋರ್ಟಿನಲ್ಲಿ ಗುಮಾಸ್ತರು ಅಂದರೆ ಗಂಡಸರೇ ಕಾಣುತ್ತಾರೆ. ಹುಡುಗಿಯರನ್ನು ತಗೊಳ್ಳುತ್ತಾರಾ? ಸಂಬಳ ಕೇಳುವುದು ಹೇಗೆ?

ಭದ್ರಾವತಿ ವಕೀಲರು:
ಸಾಲ ತೀರಿದ್ದಕ್ಕೆ ಸೊಸೈಟಿಯಿಂದ ಋಣಮುಕ್ತ ಪತ್ರ ತಗೊಂಡು ನಾಡಕಚೇರಿಯಲ್ಲೋ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲೋ ವಿಚಾರಿಸಿ. ನಿಮ್ಮ ಮೊದಲ ಫೈಲು ಇದೇ ಆಗಲಿ.

ಸಾಗರದ ಅಕ್ಕ:
ನಾನು ಸಾಗರದಲ್ಲಿ ವಕೀಲರ ಕಚೇರಿಯಲ್ಲಿದ್ದೇನೆ, ಧೈರ್ಯವಾಗಿ ಬನ್ನಿ. ಹೆಂಗಸರು ಈಗ ಸುಮಾರು ಜನ ಇದ್ದಾರೆ. ಡ್ರಾಫ್ಟಿಂಗ್, ಇ-ಫೈಲಿಂಗ್ ಬಂದಮೇಲೆ ಇನ್ನೂ ಜಾಸ್ತಿ. ಜೀವನಾಂಶ, ಕೌಟುಂಬಿಕ ಹಿಂಸೆ ಕೇಸುಗಳಲ್ಲಿ ಬಂದ ಹೆಣ್ಣುಮಕ್ಕಳು ವಕೀಲರ ಹತ್ತಿರ ಹೇಳದ್ದನ್ನು ನಮ್ಮ ಹತ್ತಿರ ಹೇಳುತ್ತಾರೆ. ಕಚೇರಿ ಆರಿಸುವಾಗ ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಮೊದಲೇ ಕೇಳಿ. ವಕೀಲರ ಕಚೇರಿ ನಿಜವಾಗಿ ಶುರುವಾಗುವುದೇ ಸಂಜೆ ಆರರ ಮೇಲೆ. ನಿಮ್ಮೂರಿನ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಹೇಳಿಯೇ ಸೇರಿಕೊಳ್ಳಿ. ಮಳೆಗಾಲದಲ್ಲಿ ಆ ಬಸ್ಸು ಬಂದರೆ ಬಂತು.

ಸಂಬಳದ ವಿಷಯ. ಶುರುವಿನಲ್ಲಿ ಕಡಿಮೆ ಕೊಡುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. "ಕೆಲಸ ಕಲಿಯಮ್ಮ, ಆಮೇಲೆ ನೋಡೋಣ" ಅನ್ನುವವರೂ ಇದ್ದಾರೆ. ನಾನು ಮೊದಲಿದ್ದ ಒಂದು ಕಚೇರಿಯಲ್ಲಿ ಆ ಆಮೇಲೆ ಬರಲೇ ಇಲ್ಲ. ತಿಂಗಳಿಗೆ ಇಷ್ಟು, ಓಡಾಟದ ಖರ್ಚು ಬೇರೆ, ಆರು ತಿಂಗಳಾದಮೇಲೆ ಏರಿಸೋದು, ಇಷ್ಟನ್ನು ಮೊದಲ ದಿನವೇ ಮಾತಾಡಿ. ನಕಲಿನ ಶುಲ್ಕ, ಪ್ರೊಸೆಸ್ ಫೀ ಎಲ್ಲ ನಿಮ್ಮ ಕೈಯಿಂದ ಹಾಕಿ ಆಮೇಲೆ ಇಸಿದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಡಿ. ಒಂದು ಚಿಕ್ಕ ಪುಸ್ತಕದಲ್ಲಿ ದಿನದ ಖರ್ಚು ಬರೆದು ವಾರಕ್ಕೊಮ್ಮೆ ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಸಂಪಾದನೆ ಇದೆ, ಇಲ್ಲಿ ಯಾರೂ ಹೇಳಲಿಲ್ಲ. ಶಿವಮೊಗ್ಗ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಬೆಂಗಳೂರಿನ ಹೈಕೋರ್ಟ್ ಪೀಠಕ್ಕೆ, ಧಾರವಾಡಕ್ಕಲ್ಲ. ಅಲ್ಲಿಗೆ ಕನ್ನಡದ ದಾಖಲೆ, ಸಾಕ್ಷಿ ಹೇಳಿಕೆಗಳನ್ನು ಇಂಗ್ಲಿಷಿಗೆ ಮಾಡಿ ಕೊಡಬೇಕಾಗುತ್ತದೆ. ಪುಟಕ್ಕೆ ಇಷ್ಟು ಅಂತ ಕೊಡುತ್ತಾರೆ. ಮನೆಯಲ್ಲೇ ಕೂತು ಮಾಡಬಹುದು. ಬಿಎಯಲ್ಲಿ ಇಂಗ್ಲಿಷ್ ಚೆನ್ನಾಗಿದ್ದರೆ ಇದನ್ನು ಬಿಡಬೇಡಿ.

ಪಿಎಲ್‌ವಿ ಅಕ್ಕ, ಹೊಸನಗರ:
ಜಿಲ್ಲಾ ಪ್ರಾಧಿಕಾರದ ಪ್ರಕಟಣೆಗಳ ಮೇಲೂ ಕಣ್ಣಿಡಿ. ಆರೋಪಿಗಳಿಗೆ ಉಚಿತ ವಕೀಲರನ್ನು ಕೊಡುವ ಕಾನೂನು ನೆರವು ಅಭಿರಕ್ಷಕರ ಕಚೇರಿಗಳಿಗೆ ಕಚೇರಿ ಸಹಾಯಕರು, ಡೇಟಾ ಎಂಟ್ರಿ ಮಾಡುವವರು ಬೇಕು ಅಂತ ಗುತ್ತಿಗೆ ಮೇಲೆ ಕರೆಯುವುದುಂಟು. ಪದವಿ ಮತ್ತು ಟೈಪಿಂಗ್ ಇದ್ದವರಿಗೆ ಅನುಕೂಲ.

ಆನಂದಪುರದ ಹುಡುಗಿ:
ಅಕ್ಕ, ಟೈಪಿಂಗ್ ಕ್ಲಾಸಿಗೆ ಸೋಮವಾರದಿಂದ ಸೇರುತ್ತಿದ್ದೇನೆ. ಕಚೇರಿ ಹುಡುಕೋದು ಹೇಗೆ? ಸುಮ್ನೆ ಹೋಗಿ ಕೇಳಿದರೆ ಆಗುತ್ತದಾ?

ಸಾಗರದ ಅಕ್ಕ:
ಆಗುತ್ತದೆ, ಆದರೆ ಬೆಳಿಗ್ಗೆ ಹೋಗಬೇಡಿ. ಹನ್ನೊಂದಕ್ಕೆ ಕೋರ್ಟು ಕೂರುವ ಹೊತ್ತಿನಲ್ಲಿ ಯಾರಿಗೂ ನಿಮ್ಮ ಕಡೆ ನೋಡಲು ಪುರುಸೊತ್ತಿರುವುದಿಲ್ಲ. ಕೋರ್ಟಿಗೆ ರಜೆ ಇರುವ ಶನಿವಾರ ಬನ್ನಿ, ಮಧ್ಯಾಹ್ನದ ಮೇಲೆ. ಮೊದಲು ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡು ಕಾಜ್ ಲಿಸ್ಟ್ ನೋಡೋದು, ಪ್ರತಿ ಕೇಸಿಗೂ ಇರುವ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿ ಕೇಸಿನ ಹಂತ ಹುಡುಕೋದು ರೂಢಿ ಮಾಡಿಕೊಳ್ಳಿ. ಒಂದೇ ಕಚೇರಿಗೆ ಜೋತು ಬೀಳಬೇಡಿ, ಮೂರ್ನಾಲ್ಕು ಕಡೆ ಕೇಳಿ. ಸಿವಿಲ್ ಕೇಸು ಜಾಸ್ತಿ ಇರುವ ಕಚೇರಿ ಸಿಕ್ಕರೆ ಅದನ್ನೇ ಹಿಡಿಯಿರಿ.